ಖಾತೆ ಅಣ್ಣನ ಹೆಸರಲ್ಲಿದೆ, ಮನೆಯ ಹಕ್ಕು ಎಷ್ಟು ಜನರದ್ದು?

ಪ್ರಶ್ನೆ: ದಾವಣಗೆರೆಯಲ್ಲಿ 30×40 ಅಳತೆಯ ನಿವೇಶನ, ಅದರಲ್ಲಿರುವ ಹಳೆಯ ಮನೆಯನ್ನು 62 ಲಕ್ಷ ರೂಪಾಯಿಗೆ ಕೊಳ್ಳಲು ಮಾತುಕತೆ ನಡೆದಿದೆ. ಮಾರುತ್ತಿರುವವರ ತಂದೆ 1989ರಲ್ಲಿ ಸ್ವಂತ ದುಡಿಮೆಯಿಂದ ಕ್ರಯಕ್ಕೆ ಪಡೆದ ಆಸ್ತಿ ಇದು. ತಂದೆ 2011ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಖಾತೆ ಹಿರಿಯ ಮಗನೊಬ್ಬರ ಹೆಸರಿಗೆ ಆಗಿದೆ. ತಾಯಿ, ತಮ್ಮ ಇದ್ದಾರೆ. ಒಬ್ಬ ಅಕ್ಕ ಪುಣೆಯಲ್ಲಿದ್ದಾರೆ. ಇನ್ನೊಬ್ಬ ತಂಗಿ 2019ರಲ್ಲಿ ತೀರಿಕೊಂಡಿದ್ದು, ಆಕೆಯ ಪತಿ ಮತ್ತು ದ್ವಿತೀಯ ಪಿಯುಸಿ ಓದುವ ಮಗ ಇದ್ದಾರೆ. ಮಗನಿಗೆ 18 ತುಂಬಲು ಇನ್ನೂ ಏಳು ತಿಂಗಳು ಬೇಕು. ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ, ಹೆಣ್ಣುಮಕ್ಕಳ ಸಹಿ ಬೇಡ, ಖಾತೆ ಇದೆ, ಇಸಿ (ಋಣಭಾರ ಪ್ರಮಾಣಪತ್ರ) ನಿಲ್ ಬಂದಿದೆ ಎನ್ನುತ್ತಾರೆ ಬ್ರೋಕರ್. ಅಸಲು ಪತ್ರ ಸಹಕಾರಿ ಬ್ಯಾಂಕೊಂದರಲ್ಲಿದೆ, 14 ಲಕ್ಷ ಸಾಲ ಬಾಕಿ ಇದೆ. ಈಗ 20 ಲಕ್ಷ ಕೊಟ್ಟರೆ ಅಗ್ರಿಮೆಂಟ್ ಮತ್ತು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಡುತ್ತಾರಂತೆ, ಮನೆಯ ಬೀಗವನ್ನೂ ಕೊಡುತ್ತಾರಂತೆ. ಕ್ರಯಪತ್ರದಲ್ಲಿ ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ದರದಂತೆ 44 ಲಕ್ಷ ಮಾತ್ರ ತೋರಿಸೋಣ ಎನ್ನುತ್ತಿದ್ದಾರೆ. ನನ್ನ ಉಳಿತಾಯ 22 ಲಕ್ಷ, ಗೃಹಸಾಲ 40 ಲಕ್ಷ. ಖಾತೆ ನನ್ನ ಹೆಸರಿಗೆ ಬಂದರೆ ನಾನು ಮಾಲೀಕನಾದಂತೆಯೇ? ಹಣ ಯಾವಾಗ ಕೊಡಬೇಕು?

ಉತ್ತರ: ಖಾತೆ ಬಂದ ಮಾತ್ರಕ್ಕೆ ನೀವು ಮಾಲೀಕರಾಗುವುದಿಲ್ಲ. ನೀವು ವಿವರಿಸಿದ ಸ್ಥಿತಿಯಲ್ಲಿ ಈಗಲೇ 20 ಲಕ್ಷ ಕೊಡುವುದು ಬೇಡವೇ ಬೇಡ. ಆದರೆ ಇದು ಕೈಬಿಡಲೇಬೇಕಾದ ವ್ಯವಹಾರವೂ ಅಲ್ಲ. ಆಸ್ತಿಯ ಮೂಲ ಸರಳವಾಗಿದೆ, ವಾರಸುದಾರರು ಯಾರೆಂಬುದು ಗೊತ್ತಿದೆ, ಒಬ್ಬ ಹುಡುಗನ ವಯಸ್ಸು ಬಿಟ್ಟರೆ ಉಳಿದ ಎಲ್ಲ ತೊಡಕನ್ನೂ ಕಾಗದದಲ್ಲಿ ಬಿಡಿಸಬಹುದು. ಬ್ರೋಕರ್ ಹೇಳಿದ ಕ್ರಮದಲ್ಲಿ ಮಾತ್ರ ಅದು ಬಿಡಿಸಿಕೊಳ್ಳುವುದಿಲ್ಲ.

ಮಾರುವವರಲ್ಲಿ ಎಷ್ಟು ಹಕ್ಕಿದೆಯೋ ಅಷ್ಟೇ ನಿಮಗೆ ಬರುತ್ತದೆ. ಮುದ್ರಾಂಕ ಶುಲ್ಕ ಕಟ್ಟಿದರೂ, ನೋಂದಣಿ ಆದರೂ, ಖಾತೆ ಬದಲಾದರೂ ಅದಕ್ಕಿಂತ ಒಂದು ಅಂಗುಲ ಹೆಚ್ಚು ಹಕ್ಕು ಹುಟ್ಟುವುದಿಲ್ಲ. ಆದ್ದರಿಂದ ಮೊದಲು ಈ ಮನೆ ಇವತ್ತು ಯಾರದ್ದು ಎಂಬುದನ್ನು ನೋಡೋಣ.

ಖಾತೆಯ ಹೆಸರು, ಹಕ್ಕಿನ ಪಾಲು

ಖಾತೆ ಎಂಬುದು ಆಸ್ತಿ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕೆಂದು ಪಾಲಿಕೆ ಬರೆದಿಟ್ಟುಕೊಳ್ಳುವ ದಾಖಲೆ. ಕಂದಾಯ ಮತ್ತು ತೆರಿಗೆ ದಾಖಲೆಗಳು ಹಕ್ಕನ್ನು ಸೃಷ್ಟಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ತಂದೆಯ ಮರಣದ ನಂತರ ಪೌತಿ ಖಾತೆ ಮಾಡಿಸುವಾಗ, ಓಡಾಡುವವರು ಒಬ್ಬರೇ ಎಂಬ ಕಾರಣಕ್ಕೆ ಹಿರಿಯ ಮಗನ ಹೆಸರೊಂದೇ ಬರೆಸುವುದು ನಮ್ಮಲ್ಲಿ ಸಾಮಾನ್ಯ. ಇದರಿಂದ ಉಳಿದವರ ಪಾಲು ಅಳಿಸಿಹೋಗುವುದಿಲ್ಲ.

ಕುಟುಂಬ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟದ್ದು ಎಂದಿಟ್ಟುಕೊಂಡು ಹೇಳುತ್ತೇನೆ. ತಂದೆಯ ಸ್ವಯಾರ್ಜಿತ ಆಸ್ತಿ, ವಿಲ್ ಇಲ್ಲ. ಹಾಗಾದರೆ ಆ ಕಾಯ್ದೆಯ 8ನೇ ಕಲಮಿನಂತೆ 2011ರಲ್ಲಿ ತಂದೆ ತೀರಿಕೊಂಡ ಕ್ಷಣವೇ ಮನೆ ಐದು ಸಮ ಪಾಲಾಯಿತು: ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ತಲಾ ಐದರಲ್ಲೊಂದು. ತೀರಿಕೊಂಡ ತಂಗಿಯ ಐದರಲ್ಲೊಂದು ಪಾಲು 2019ರಲ್ಲಿ ಆಕೆಯ ಪತಿಗೂ ಮಗನಿಗೂ ಸಮನಾಗಿ ಇಳಿಯಿತು. ಅಂದರೆ ಇವತ್ತು ಆರು ಮಂದಿ ಮಾಲೀಕರು. ತಾಯಿ, ಅಣ್ಣ, ತಮ್ಮ, ಪುಣೆಯ ಅಕ್ಕ ಇವರಿಗೆ ತಲಾ ಐದನೇ ಒಂದು. ತಂಗಿಯ ಪತಿಗೆ ಹತ್ತನೇ ಒಂದು, ಹುಡುಗನಿಗೆ ಹತ್ತನೇ ಒಂದು. ಖಾತೆಯಲ್ಲಿ ಹೆಸರಿರುವವರ ಪಾಲಿಗೆ 62 ಲಕ್ಷದಲ್ಲಿ ಸೇರಬೇಕಾದದ್ದು 12.4 ಲಕ್ಷ ಮಾತ್ರ. ಈ ಅಂಕಿ ನೆನಪಿರಲಿ, ಬ್ಯಾಂಕ್ ಸಾಲದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮದುವೆಯಲ್ಲಿ ಚಿನ್ನ ಕೊಟ್ಟರೆ ಹೆಣ್ಣುಮಕ್ಕಳ ಪಾಲು ತೀರಿತು ಎಂಬ ಮಾತಿಗೆ ಕಾನೂನಿನ ಆಧಾರವೇ ಇಲ್ಲ. ಅವರು ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನೋ ವಿಭಾಗ ಪತ್ರವನ್ನೋ ಬರೆದುಕೊಟ್ಟಿದ್ದರೆ ಮಾತ್ರ ಪಾಲು ಹೋಗುತ್ತದೆ. ಪಿತ್ರಾರ್ಜಿತ ಆಸ್ತಿಯಾಗಿದ್ದರೂ ಹೆಣ್ಣುಮಕ್ಕಳನ್ನು ಹೊರಗಿಡಲು ಆಗುತ್ತಿರಲಿಲ್ಲ. 2005ರ ತಿದ್ದುಪಡಿಯಂತೆ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, ತಂದೆ ಆ ದಿನ ಬದುಕಿರಲೇಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ‘ಹನ್ನೆರಡು ವರ್ಷ ಕಳೆಯಿತು, ಇನ್ನು ಕೇಳುವಂತಿಲ್ಲ’ ಎಂದೂ ನಿಮಗೆ ಹೇಳಬಹುದು. ಜಂಟಿ ಮಾಲೀಕರಲ್ಲಿ ಒಬ್ಬರ ಸ್ವಾಧೀನವನ್ನು ಎಲ್ಲರ ಪರವಾಗಿ ಇರುವ ಸ್ವಾಧೀನವೆಂದೇ ಕಾನೂನು ನೋಡುತ್ತದೆ. ನಿನಗೆ ಪಾಲಿಲ್ಲ ಎಂದು ಬಹಿರಂಗವಾಗಿ ಹೊರಗಿಟ್ಟ ಮೇಲಷ್ಟೇ ಕಾಲಮಿತಿಯ ಲೆಕ್ಕ ಶುರುವಾಗುತ್ತದೆ.

ಸಹಿ ಹಾಕದವರನ್ನು ಬಿಟ್ಟು ಕೊಂಡರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಿ. ಕ್ರಯಪತ್ರ ಪೂರ್ತಿ ರದ್ದಾಗುವುದಿಲ್ಲ. ಸಹಿ ಹಾಕಿದವರ ಪಾಲಿನ ಮಟ್ಟಿಗೆ ನಡೆಯುತ್ತದೆ. ಆದರೆ ಇದು ಅವಿಭಕ್ತ ಕುಟುಂಬದ ವಾಸದ ಮನೆ. ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಮಿನಂತೆ ಅಂಥ ಮನೆಯ ಪಾಲು ಕೊಂಡ ಹೊರಗಿನವರಿಗೆ ಕುಟುಂಬದವರ ಜೊತೆ ಜಂಟಿ ಸ್ವಾಧೀನದ ಹಕ್ಕಿಲ್ಲ, ವಿಭಾಗದ ದಾವೆ ಹೂಡಬೇಕು. ದಾವೆ ಹೂಡಿದರೆ, 1893ರ ವಿಭಾಗ ಕಾಯ್ದೆಯ 4ನೇ ಕಲಮಿನಂತೆ ಕುಟುಂಬದ ಪಾಲುದಾರರು ನಿಮ್ಮ ಪಾಲನ್ನು ನ್ಯಾಯಾಲಯ ಕಟ್ಟಿದ ಬೆಲೆಗೆ ತಾವೇ ಕೊಂಡುಕೊಳ್ಳುತ್ತೇವೆ ಎನ್ನಬಹುದು. ಪೂರ್ತಿ ಮನೆಯ ಬೆಲೆ ಕೊಟ್ಟವರು ಹೀಗೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಕೂರುತ್ತಾರೆ. ‘ನನಗೆ ಗೊತ್ತಿರಲಿಲ್ಲ, ಒಳ್ಳೆಯ ನಂಬಿಕೆಯಿಂದ ಕೊಂಡೆ’ ಎಂಬ ರಕ್ಷಣೆಯೂ ನಿಮಗೆ ಸಿಗುವುದಿಲ್ಲ, ಏಕೆಂದರೆ ಹೆಣ್ಣುಮಕ್ಕಳು ಇರುವುದು ನಿಮಗೆ ಈಗಾಗಲೇ ಗೊತ್ತಿದೆ.

ಹುಡುಗನ ಹತ್ತನೇ ಒಂದು ಪಾಲು

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿ. ಅಪ್ರಾಪ್ತರ ಪ್ರತ್ಯೇಕ ಪಾಲನ್ನು ತಂದೆಯೇ ಆಗಲಿ, ನ್ಯಾಯಾಲಯದ ಮುಂಗಡ ಅನುಮತಿ ಇಲ್ಲದೆ ಮಾರುವಂತಿಲ್ಲ. ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ, 1956ರ 8ನೇ ಕಲಮು ಹೇಳುವುದು ಇದನ್ನೇ. ಅನುಮತಿ ಇಲ್ಲದ ಮಾರಾಟವನ್ನು ಮಗ ಪ್ರಾಪ್ತನಾದ ಮೇಲೆ ಮೂರು ವರ್ಷದೊಳಗೆ ತಿರಸ್ಕರಿಸಬಹುದು. 2025ರ ಅಕ್ಟೋಬರ್‌ನಲ್ಲಿ, ನಿಮ್ಮ ದಾವಣಗೆರೆಯ ಶಾಮನೂರಿನ ನಿವೇಶನಗಳ ಪ್ರಕರಣದಲ್ಲೇ, ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೀಗೆ ತಿರಸ್ಕರಿಸಲು ದಾವೆಯನ್ನೇ ಹೂಡಬೇಕೆಂದಿಲ್ಲ, ಕಾಲಮಿತಿಯೊಳಗೆ ಅದೇ ಆಸ್ತಿಯನ್ನು ಬೇರೆಯವರಿಗೆ ಮಾರುವಂಥ ಸ್ಪಷ್ಟ ನಡವಳಿಕೆಯೂ ಸಾಕು ಎಂದಿತು. ಅಂದರೆ ನಿಮಗೆ ನೋಟಿಸ್ ಕೂಡ ಬಾರದೆ ಆ ಪಾಲು ಇನ್ನೊಬ್ಬರ ಕೈ ಸೇರಿರಬಹುದು.

ತಂದೆಯ ಕೈಯಲ್ಲಿ ಮಗನ ಪರವಾಗಿ ‘ಪೋಷಕ’ ಎಂದು ಸಹಿ ಹಾಕಿಸಿ ಮುಗಿಸೋಣ ಎಂಬ ಸಲಹೆ ಬಂದರೆ ಒಪ್ಪಬೇಡಿ. ಹಕ್ಕು ಬಿಡುಗಡೆ ಪತ್ರಕ್ಕೂ ಇದೇ ತೊಡಕಿದೆ. ಅಪ್ರಾಪ್ತನ ಪಾಲನ್ನು ಮಾವನಿಗೆ ಬಿಟ್ಟುಕೊಡುವುದೂ ವರ್ಗಾವಣೆಯೇ.

ನಿಲ್ ಇಸಿ ನೋಡಿ ನೆಮ್ಮದಿ ಬೇಡ

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಈ ‘ನಿಲ್’. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ಎರಡು ನಮೂನೆಯಲ್ಲಿ ಬರುತ್ತದೆ. ಹುಡುಕಿದ ಅವಧಿಯಲ್ಲಿ ವಹಿವಾಟು ಸಿಕ್ಕಿದ್ದರೆ ನಮೂನೆ 15, ಏನೂ ಸಿಗದಿದ್ದರೆ ನಮೂನೆ 16. ಇದನ್ನೇ ನಿಲ್ ಎನ್ನುವುದು. ನಿಮ್ಮ ಬ್ರೋಕರ್ ತೋರಿಸಿದ ಇಸಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ನೋಡಿ. 1989ರಿಂದ ತೆಗೆಸಿದ್ದರೆ ಅದರಲ್ಲಿ ತಂದೆಯ ಕ್ರಯಪತ್ರ ಕಾಣಲೇಬೇಕು. ಕಾಣದೆ ನಿಲ್ ಬಂದಿದ್ದರೆ ಆಸ್ತಿ ಶುದ್ಧವಾಗಿದೆ ಎಂದಲ್ಲ, ಹುಡುಕಾಟವೇ ತಪ್ಪಾಗಿದೆ ಎಂದರ್ಥ. 2004ರಿಂದ ಈಚೆಗೆ ಮಾತ್ರ ತೆಗೆಸಿದ್ದರೆ ಹಿಂದಿನದು ನೋಡಿಯೇ ಇಲ್ಲ ಎಂದಾಯಿತು. ಆನ್‌ಲೈನ್‌ನಲ್ಲಿ ಸಿಗುವುದು ಸಾಮಾನ್ಯವಾಗಿ 2004ರ ಏಪ್ರಿಲ್‌ನಿಂದ ಈಚಿನದು, ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೆಯ ಪುಸ್ತಕ ತೆಗೆಸಬೇಕು.

ಹುಡುಕಾಟ ತಪ್ಪುವುದು ಹೇಗೆಂದರೆ, ಇಸಿಯ ಹುಡುಕಾಟ ನಡೆಯುವುದು ಆಸ್ತಿಯ ಸಂಖ್ಯೆ ಮತ್ತು ಚೆಕ್ಕುಬಂದಿಯ (ನಾಲ್ಕು ದಿಕ್ಕಿನ ಗಡಿಯ) ಮೇಲೆ. 1989ರ ಪತ್ರದಲ್ಲಿ ಸರ್ವೆ ನಂಬರ್ ಮತ್ತು ಸೈಟ್ ನಂಬರ್ ಇರುತ್ತದೆ, ಆಮೇಲೆ ಡೋರ್ ನಂಬರ್ ಬರುತ್ತದೆ, ವಾರ್ಡ್ ಬದಲಾಗುತ್ತದೆ, ಈಗ ನಗರ ಸಂಸ್ಥೆಗಳ ಆಸ್ತಿ ದಾಖಲೆಯ ತಂತ್ರಾಂಶವಾದ ಇ-ಆಸ್ತಿಯಲ್ಲಿ ಹೊಸದೊಂದು ಗುರುತಿನ ಸಂಖ್ಯೆ ಇದೆ. ಹೊಸ ಸಂಖ್ಯೆಯೊಂದನ್ನೇ ಹಾಕಿ ಹುಡುಕಿದರೆ ಹಳೆಯ ಸಂಖ್ಯೆಯಲ್ಲಿ ನೋಂದಣಿಯಾದ ಅಡಮಾನ, ಕರಾರು ಯಾವುದೂ ಹೊರಬೀಳುವುದಿಲ್ಲ. ಪ್ರತಿಯೊಂದು ಹಳೆಯ ಸಂಖ್ಯೆಗೂ ಬೇರೆ ಬೇರೆಯಾಗಿ ಅರ್ಜಿ ಹಾಕಿ.

ಸರಿಯಾಗಿ ತೆಗೆಸಿದ ಇಸಿಗೂ ಮಿತಿ ಇದೆ. ನೋಂದಣಿಯಾದ ಪತ್ರಗಳಷ್ಟೇ ಅದರಲ್ಲಿ ಬರುತ್ತವೆ. ಬಿಳಿ ಹಾಳೆಯ ಕರಾರು, ನೋಂದಣಿ ಆಗದ ವಿಲ್, ತೆರಿಗೆ ಬಾಕಿ, ನ್ಯಾಯಾಲಯದಲ್ಲಿ ಬಾಕಿ ಇರುವ ದಾವೆ ಇವು ಬರುವುದಿಲ್ಲ. ನಿಮ್ಮ ಮಟ್ಟಿಗೆ ಮುಖ್ಯವಾದದ್ದು ಇನ್ನೊಂದು: ಅಸಲು ಪತ್ರವನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲದ ಬಗ್ಗೆ ಯಾವ ಪತ್ರವೂ ನೋಂದಣಿಯಾಗದಿದ್ದರೆ ಅದೂ ಬರುವುದಿಲ್ಲ. 14 ಲಕ್ಷ ಸಾಲ ಇರುವಾಗಲೇ ಇಸಿ ನಿಲ್ ಬಂದಿರುವುದು ಇದಕ್ಕೇ ಇರಬಹುದು. ಅಡಮಾನಗಳ ಕೇಂದ್ರೀಯ ದಾಖಲೆಯಾದ ಸೆರ್ಸಾಯ್‌ನಲ್ಲೂ ಶುಲ್ಕ ಕಟ್ಟಿ ಹುಡುಕಿಸಿ. ನ್ಯಾಯಾಲಯಗಳ ಜಾಲತಾಣವಾದ ಇ-ಕೋರ್ಟ್ಸ್‌ನಲ್ಲಿ ಆರೂ ಜನರ ಮತ್ತು ತೀರಿಕೊಂಡ ತಂದೆಯ ಹೆಸರಿನಲ್ಲಿ ದಾವೆಗಳಿವೆಯೇ ನೋಡಿ, ಇಂಗ್ಲಿಷ್ ಕಾಗುಣಿತ ಬದಲಿಸಿ ಬದಲಿಸಿ. ದಾವೆ ನಡೆಯುತ್ತಿರುವಾಗ ಕೊಂಡವರು, ದಾವೆಯ ವಿಷಯ ತಮಗೆ ಗೊತ್ತಿರದಿದ್ದರೂ, ತೀರ್ಪಿಗೆ ಬದ್ಧರು.

ಬ್ಯಾಂಕ್ ಸಾಲ ಕೊಟ್ಟಿದೆ ಎಂದರೆ ಹಕ್ಕು ಸರಿಯಿದೆ ಎಂದೂ ಭಾವಿಸಬೇಡಿ. ಆರರಲ್ಲಿ ಒಬ್ಬರು ಇಟ್ಟ ಅಡಮಾನ ಅವರ ಪಾಲನ್ನಷ್ಟೇ ಕಟ್ಟಿಹಾಕುತ್ತದೆ. ಹಾಗೆಂದು ಅದನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಎಲ್ಲರ ಅಸಲು ಪತ್ರ ಇರುವುದು ಆ ಬ್ಯಾಂಕಿನ ತಿಜೋರಿಯಲ್ಲಿ.

ಜಿಪಿಎ, ಬೀಗ, 20 ಲಕ್ಷ

ನೂರು ರೂಪಾಯಿ ಅಥವಾ ಹೆಚ್ಚಿನ ಬೆಲೆಯ ಸ್ಥಿರಾಸ್ತಿ ನೋಂದಾಯಿತ ಕ್ರಯಪತ್ರದಿಂದ ಮಾತ್ರ ಕೈ ಬದಲಾಗುತ್ತದೆ. ಕ್ರಯದ ಕರಾರು ತಾನಾಗಿ ಆಸ್ತಿಯಲ್ಲಿ ಯಾವ ಹಕ್ಕನ್ನೂ ಕೊಡುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನಲ್ಲಿ ಇದು 1882ರಿಂದಲೂ ಇದೆ. ಅಗ್ರಿಮೆಂಟ್, ಜಿಪಿಎ, ವಿಲ್ ಈ ಮೂರನ್ನೂ ಜೋಡಿಸಿ ಮಾಡುವ ‘ಮಾರಾಟ’ ಮಾರಾಟವೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಜಿಪಿಎ ಎಂದರೆ ಒಬ್ಬರ ಪರವಾಗಿ ಕೆಲಸ ಮಾಡುವ ಅಧಿಕಾರ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದೂ ಮುಗಿಯುತ್ತದೆ. ಇಲ್ಲಂತೂ ಕೊಡುವವರು ಅಣ್ಣ ಒಬ್ಬರೇ, ಅವರಿಗಿರುವುದೇ ಐದನೇ ಒಂದು ಪಾಲು.

ಬೀಗ ಕೈಗೆ ಬಂದರೆ ಭದ್ರ ಎಂಬ ಭಾವನೆ ಸಹಜ. ಆದರೆ ಕರಾರಿನ ಆಧಾರದ ಮೇಲೆ ಸ್ವಾಧೀನ ಉಳಿಸಿಕೊಳ್ಳುವ ರಕ್ಷಣೆ ಸಿಗಬೇಕಾದರೆ, 2001ರ ತಿದ್ದುಪಡಿಯ ನಂತರ, ಆ ಕರಾರು ನೋಂದಣಿಯಾಗಿರಬೇಕು. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಕಟ್ಟದಿದ್ದರೆ, ನಾಳೆ ನ್ಯಾಯಾಲಯದಲ್ಲಿ ಹಾಜರುಪಡಿಸಿದಾಗ ಶುಲ್ಕವನ್ನೂ ಅದರ ಮೇಲೆ ದಂಡವನ್ನೂ ವಸೂಲು ಮಾಡಿದ ಮೇಲೆಯೇ ಆ ಕಾಗದವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುತ್ತಾರೆ.

44 ಲಕ್ಷ ತೋರಿಸಿದರೆ ಉಳಿಯುವುದೆಷ್ಟು?

ಲೆಕ್ಕ ಹಾಕಿಯೇ ನೋಡೋಣ. ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ನಗರ ಪ್ರದೇಶದಲ್ಲಿ ಶೇ 2 ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಒಟ್ಟು ಶೇ 7.6. ಕ್ರಯದ ಮೊತ್ತ, ಮಾರ್ಗಸೂಚಿ ದರದ ಮೊತ್ತ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಇದನ್ನು ಕಟ್ಟಬೇಕು. 62 ಲಕ್ಷಕ್ಕೆ 4,71,200 ರೂಪಾಯಿ. 44 ಲಕ್ಷ ತೋರಿಸಿದರೆ 3,34,400. ಉಳಿದದ್ದು 1,36,800.

ಇನ್ನು ಕಳೆದುಕೊಳ್ಳುವುದನ್ನು ನೋಡಿ. ಉಳಿದ 18 ಲಕ್ಷವನ್ನು ನಗದಾಗಿ ಕೊಡಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ನಾಳೆ ನೀವು ಮನೆ ಮಾರುವಾಗ ನಿಮ್ಮ ಕೊಂಡ ಬೆಲೆ 44 ಲಕ್ಷ ಎಂದೇ ಲೆಕ್ಕ. ಆ 18 ಲಕ್ಷವೂ ಲಾಭದ ಲೆಕ್ಕಕ್ಕೆ ಸೇರಿ, ಈಗಿನ ದೀರ್ಘಾವಧಿ ದರ ಶೇ 12.5ರಂತೆ 2.25 ಲಕ್ಷ ತೆರಿಗೆ ಬೀಳುತ್ತದೆ, ಸೆಸ್ ಬೇರೆ. ವ್ಯವಹಾರ ಮುರಿದುಬಿದ್ದರೆ ವಾಪಸು ಕೇಳಲು ಕಾಗದದಲ್ಲಿರುವುದು 44 ಲಕ್ಷ ಮಾತ್ರ. ಎಲ್ಲಕ್ಕಿಂತ ತಕ್ಷಣದ ತೊಂದರೆ ನಿಮ್ಮ ಗೃಹಸಾಲದ್ದು. 30ರಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ 80 ಮೀರುವಂತಿಲ್ಲ. 44 ಲಕ್ಷದ ಶೇ 80 ಎಂದರೆ 35.2 ಲಕ್ಷ. ನಿಮಗೆ ಬೇಕಾದ 40 ಲಕ್ಷ ಸಿಗುವುದೇ ಇಲ್ಲ.

ಇಲ್ಲೇ ಇನ್ನೊಂದು ಮಾತು. 22 ಮತ್ತು 40 ಸೇರಿದರೆ ಸರಿಯಾಗಿ 62. ಶುಲ್ಕದ 4.7 ಲಕ್ಷ ನಿಮ್ಮ ಲೆಕ್ಕದಲ್ಲಿಲ್ಲ. ಬ್ಯಾಂಕ್ ಈ ಶುಲ್ಕವನ್ನು ಮನೆಯ ಬೆಲೆಗೆ ಸೇರಿಸುವುದಿಲ್ಲ. ವಕೀಲರ ಶುಲ್ಕ, ಬ್ರೋಕರ್ ಕಮಿಷನ್, ಖಾತೆ ಬದಲಾವಣೆ ಎಲ್ಲ ಸೇರಿ ಆರೇಳು ಲಕ್ಷವನ್ನು ಬೇರೆಯಾಗಿ ಹೊಂದಿಸಿಕೊಳ್ಳದೆ ಮುಂಗಡ ಕೊಡಬೇಡಿ. ಬಾಕಿ ಹಣ ಹೊಂದಿಸಲಾಗದೆ ಕೊಳ್ಳುವವರೇ ಕರಾರು ಮುರಿದರೆ ಮುಂಗಡ ಹೋಗುತ್ತದೆ.

ನಿಮ್ಮ ಮುಂದಿರುವ ದಾರಿಗಳು

ನನ್ನ ಮೊದಲ ಆಯ್ಕೆ ಕಾಯುವುದು. ಏಳು ತಿಂಗಳಲ್ಲಿ ಹುಡುಗನಿಗೆ 18 ತುಂಬುತ್ತದೆ, ಆಮೇಲೆ ಅವನೇ ಮಾರಾಟಗಾರರಲ್ಲೊಬ್ಬನಾಗಿ ಸಹಿ ಹಾಕಬಹುದು. ಶಾಲಾ ದಾಖಲೆಗಿಂತ ಜನನ ಪ್ರಮಾಣಪತ್ರ ನೋಡಿ ದಿನಾಂಕ ಖಚಿತಪಡಿಸಿಕೊಳ್ಳಿ. ಅಲ್ಲಿಯವರೆಗೆ ವ್ಯವಹಾರವನ್ನು ಹಿಡಿದಿಡಲು, ಉಳಿದ ಐದೂ ಜನ ಸಹಿ ಹಾಕುವ ಕರಾರು ಮಾಡಿಸಿ ನೋಂದಾಯಿಸಿ. ನೋಂದಾಯಿತ ಕರಾರು ಇಸಿಯಲ್ಲಿ ಬರುವುದರಿಂದ, ಇನ್ನೊಬ್ಬರು ಬಂದು ‘ನಮಗೆ ಗೊತ್ತಿಲ್ಲದೆ ಕೊಂಡೆವು’ ಎನ್ನಲು ಆಗುವುದಿಲ್ಲ. ಸ್ವಾಧೀನ ತೆಗೆದುಕೊಳ್ಳಬೇಡಿ. ಮುಂಗಡ ಎರಡು ಮೂರು ಲಕ್ಷ ಮೀರದಿರಲಿ; ಅದೂ ಪ್ರತಿಯೊಬ್ಬರ ಬ್ಯಾಂಕ್ ಖಾತೆಗೆ ಅವರವರ ಪಾಲಿನಂತೆ ಹೋಗಲಿ. ಹುಡುಗ 18 ತುಂಬಿದ ಮೇಲೆ ಇಷ್ಟು ದಿನದೊಳಗೆ ಸೇರಿಕೊಳ್ಳದಿದ್ದರೆ ಮುಂಗಡ ಪೂರ್ತಿ ವಾಪಸು ಎಂದು ಬರೆಸಿ. ಈ ಕರಾರು ಹುಡುಗನನ್ನು ಕಟ್ಟಿಹಾಕುವುದಿಲ್ಲ, ಅವನು ಬೇಡವೆಂದರೆ ಬಲವಂತ ಮಾಡಲಾಗದು. ಮುಂಗಡ ಚಿಕ್ಕದಿರಬೇಕು ಎನ್ನುವುದು ಅದಕ್ಕೇ.

ಕಾಯಲು ಆಗದೆಂದರೆ ಹುಡುಗನ ತಂದೆ ಜಿಲ್ಲಾ ನ್ಯಾಯಾಲಯಕ್ಕೆ ಅನುಮತಿ ಅರ್ಜಿ ಹಾಕಬಹುದು. ಮಾರಾಟ ಅಗತ್ಯ ಅಥವಾ ಮಗನಿಗೆ ಸ್ಪಷ್ಟವಾಗಿ ಲಾಭಕರ ಎಂದು ತೋರಿಸಬೇಕು. ಅವನ ಪಾಲಿನ 6.2 ಲಕ್ಷವನ್ನು ಅವನ ಹೆಸರಿನಲ್ಲಿ ಠೇವಣಿ ಇಡಲು ನ್ಯಾಯಾಲಯ ಹೇಳಬಹುದು. ಕಾನೂನಿನ ದೃಷ್ಟಿಯಿಂದ ಇದು ಗಟ್ಟಿ ದಾರಿಯೇ. ಆದರೆ ಆದೇಶ ಬರುವಷ್ಟರಲ್ಲಿ ಅವನಿಗೆ 18 ತುಂಬಿದರೂ ಅಚ್ಚರಿಯಿಲ್ಲ.

ಮೂರನೆಯದು, ಒಂಬತ್ತು ಪಾಲು ಈಗ ಕೊಂಡು ಹತ್ತನೆಯದನ್ನು ಆಮೇಲೆ ನೋಡಿಕೊಳ್ಳುವುದು. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ; ಏಳು ತಿಂಗಳ ನಂತರ ಆ ಪಾಲಿನ ಬೆಲೆ 6.2 ಲಕ್ಷಕ್ಕೆ ನಿಲ್ಲುತ್ತದೆಂಬ ಭರವಸೆಯೂ ಇಲ್ಲ.

ಯಾವ ದಾರಿ ಹಿಡಿದರೂ ಹೆಣ್ಣುಮಕ್ಕಳ ಕಡೆಯವರು ಮಾರಾಟಗಾರರಾಗಿಯೇ ಸಹಿ ಹಾಕಬೇಕು. ‘ಸಾಕ್ಷಿ’ ಜಾಗದಲ್ಲಿ ಹಾಕಿದ ಸಹಿಯಿಂದ ಪಾಲು ವರ್ಗಾವಣೆ ಆಗುವುದಿಲ್ಲ. ಪುಣೆಯ ಅಕ್ಕ ಬರಲಾಗದಿದ್ದರೆ, ಈ ಒಂದು ಆಸ್ತಿಯ ಮಾರಾಟಕ್ಕೆ ಸೀಮಿತವಾದ ಅಧಿಕಾರ ಪತ್ರವನ್ನು ಅಲ್ಲಿನ ಸಬ್ ರಿಜಿಸ್ಟ್ರಾರ್ ಮುಂದೆಯೇ ಮಾಡಿಸಿ ಕಳುಹಿಸಬಹುದು. ಆದರೂ ಒಂದು ದಿನದ ಮಟ್ಟಿಗೆ ಅವರೇ ಬರುವುದು ಮೇಲು. ವಯಸ್ಸಾದ ತಾಯಿ ಕಚೇರಿಗೆ ಬರಲಾಗದಿದ್ದರೆ, ಕಾರಣ ತಿಳಿಸಿ ಶುಲ್ಕ ಕಟ್ಟಿದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ಸಹಿ, ಹೆಬ್ಬೆರಳು ಪಡೆಯಲು ಅವಕಾಶವಿದೆ.

ಕರಾರಿನ ಹಂತದಲ್ಲೇ ಎರಡು ಕೆಲಸ ಕುಟುಂಬದವರ ಮೇಲೆ ಹಾಕಿ. ತಾಲ್ಲೂಕು ಕಚೇರಿಯ ವ್ಯಾಪ್ತಿಯ ನಾಡಕಚೇರಿಯಿಂದ ವಂಶವೃಕ್ಷ ತರಿಸಲಿ. ಅದರಲ್ಲಿ ತೀರಿಕೊಂಡ ತಂಗಿ, ಆಕೆಯ ಪತಿ, ಮಗ ಮೂವರೂ ಇರಬೇಕು. ಪೌತಿ ಖಾತೆಗೆ ಹಿಂದೆ ಕೊಟ್ಟ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟಿದ್ದರೆ ಅದು ಈಗಲೇ ಬಯಲಾಗುತ್ತದೆ. ಎರಡನೆಯದು, ಇ-ಖಾತೆಗೆ ಆರೂ ಜನರ ಹೆಸರು ಸೇರಿಸಲಿ. ಈಗ ಇ-ಖಾತೆ ಇಲ್ಲದೆ ನೋಂದಣಿಯಿಲ್ಲ, ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಮಾಲೀಕರ ವಿವರವನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ಖಾತೆಯಲ್ಲಿ ಒಬ್ಬರ ಹೆಸರು, ಪತ್ರದಲ್ಲಿ ಆರು ಹೆಸರು ಎಂದಾದರೆ ಅರ್ಜಿ ಪರಿಶೀಲನೆಯಲ್ಲೇ ನಿಲ್ಲಬಹುದು.

ಸಾಲ ತೀರಿಸುವ ಕ್ರಮ

ಅಣ್ಣನ ಪಾಲು 12.4 ಲಕ್ಷ, ಅವರ ಸಾಲ 14 ಲಕ್ಷ. ಮನೆ ಮಾರಿದ ಹಣದಲ್ಲಿ ಸಾಲ ತೀರಿಸಿದರೆ 1.6 ಲಕ್ಷ ಉಳಿದವರ ಪಾಲಿನಿಂದ ಹೋಗುತ್ತದೆ. ಇದನ್ನು ಕುಟುಂಬದವರು ಕರಾರಿನಲ್ಲೇ ಬಗೆಹರಿಸಿಕೊಂಡು, ಯಾರಿಗೆ ಎಷ್ಟು ಎಂದು ಬರೆಯಬೇಕು. ಹೀಗೆ ಬರೆಯದೆ ಬಿಟ್ಟ ಕಡೆ, ನೋಂದಣಿಯ ಬೆಳಿಗ್ಗೆ ಕಚೇರಿಯ ಜಗಲಿಯಲ್ಲಿ ಅಕ್ಕ ತಮ್ಮಂದಿರ ಜಗಳ ಶುರುವಾಗಿ ಎಲ್ಲರೂ ಮನೆಗೆ ಹೋಗುತ್ತಾರೆ.

ಸಹಕಾರಿ ಬ್ಯಾಂಕಿನಿಂದ ಎರಡು ಪತ್ರ ತರಿಸಿ: ಇಂಥ ದಿನಕ್ಕೆ ಬಾಕಿ ಇಷ್ಟು, ದಿನಕ್ಕೆ ಬಡ್ಡಿ ಇಷ್ಟು ಎಂಬುದು ಒಂದು, ತನ್ನ ಬಳಿ ಇರುವ ಅಸಲು ದಾಖಲೆಗಳ ಪಟ್ಟಿ ಇನ್ನೊಂದು. ಪಟ್ಟಿಯಲ್ಲಿ 1989ರ ಅಸಲು ಕ್ರಯಪತ್ರ ಇದೆಯೇ ಎಂದು ಓದಿ ನೋಡಿ. ದೃಢೀಕೃತ ನಕಲು ಎಂದಿದ್ದರೆ ಅಸಲು ಇನ್ನೆಲ್ಲೋ ಅಡವಿದೆ ಎಂಬ ಅನುಮಾನ ಬರಬೇಕು. ಹಣ ಬಂದ ಮೇಲೆ ಪತ್ರ ಕೊಡುತ್ತೇವೆ ಎನ್ನುತ್ತದೆ ಅವರ ಬ್ಯಾಂಕ್. ಪತ್ರ ಬಂದ ಮೇಲೆ ಹಣ ಕೊಡುತ್ತೇವೆ ಎನ್ನುತ್ತದೆ ನಿಮ್ಮದು. ಇದಕ್ಕೆ ದಾರಿ, 14 ಲಕ್ಷ ಜಮೆಯಾದೊಡನೆ ದಾಖಲೆಗಳನ್ನು ನೇರವಾಗಿ ನಿಮ್ಮ ಬ್ಯಾಂಕಿಗೆ ಒಪ್ಪಿಸುತ್ತೇವೆ ಎಂಬ ಲಿಖಿತ ಮುಚ್ಚಳಿಕೆ. ಡಿಡಿ ಅಣ್ಣನ ಹೆಸರಿಗಲ್ಲ, ಅವರ ಸಾಲದ ಖಾತೆಯ ಸಂಖ್ಯೆ ನಮೂದಿಸಿ ಆ ಬ್ಯಾಂಕಿನ ಹೆಸರಿಗೇ ಇರಲಿ. ಸಾಲ ತೀರಿದ 30 ದಿನದೊಳಗೆ ಅಸಲು ಪತ್ರ ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ, ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಅನ್ವಯ. ಆದರೆ ನೀವು ‘ಸಹಕಾರಿ ಬ್ಯಾಂಕ್’ ಎಂದದ್ದು ನಿಜಕ್ಕೂ ಬ್ಯಾಂಕ್ ಅಲ್ಲದ ಸೌಹಾರ್ದ ಸಹಕಾರಿಯಾಗಿದ್ದರೆ ಆ ನಿಯಮದ ಬಲ ನಿಮಗಿಲ್ಲ. ಫಲಕ ಓದಿ ನೋಡಿ.

ನೋಂದಣಿಯ ದಿನ ಮತ್ತು ಆಮೇಲೆ

ಕರಡು ಕ್ರಯಪತ್ರವನ್ನು ಕಾವೇರಿಯಲ್ಲಿ ಏರಿಸಿ, ಸಬ್ ರಿಜಿಸ್ಟ್ರಾರ್ ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ, ಸಮಯ ಕಾಯ್ದಿರಿಸಿ ಹೋಗುವುದು ಈಗಿನ ಕ್ರಮ. ಅಲ್ಲಿ ಎಲ್ಲ ಮಾರಾಟಗಾರರ, ನಿಮ್ಮ, ಸಾಕ್ಷಿಗಳ ಗುರುತು, ಫೋಟೊ, ಹೆಬ್ಬೆರಳು ಪಡೆಯುತ್ತಾರೆ. ಅವರು ನೋಡುವುದು ಬರೆದುಕೊಟ್ಟವರು ಇವರೇ ಹೌದೇ, ಶುಲ್ಕ ಸರಿಯೇ ಎಂಬುದನ್ನು. ಮಾರುವವರಿಗೆ ನಿಜವಾಗಿ ಹಕ್ಕಿದೆಯೇ ಎಂದು ತೀರ್ಮಾನಿಸುವುದು ನೋಂದಣಿ ಅಧಿಕಾರಿಯ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ, ತಮಿಳುನಾಡಿನ ನಿಯಮವೊಂದನ್ನು ರದ್ದುಪಡಿಸುತ್ತಾ, ಮತ್ತೊಮ್ಮೆ ಹೇಳಿದೆ. ‘ಹಕ್ಕಿಲ್ಲದಿದ್ದರೆ ರಿಜಿಸ್ಟರ್ ಮಾಡುತ್ತಿದ್ದರೇ’ ಎಂಬ ವಾದವನ್ನು ನಂಬಬೇಡಿ.

ಹಣದ ವಿಚಾರಕ್ಕೆ ಬಂದರೆ, ಎಲ್ಲರ ಡಿಡಿ ಮೊದಲೇ ಸಿದ್ಧವಿರಲಿ, ಅವುಗಳ ಸಂಖ್ಯೆ ಮತ್ತು ಮೊತ್ತ ಕ್ರಯಪತ್ರದಲ್ಲಿ ಬರೆದಿರಲಿ. ಆರೂ ಜನ ಅಧಿಕಾರಿಯ ಮುಂದೆ ಬರೆದುಕೊಟ್ಟದ್ದನ್ನು ಒಪ್ಪಿ ಹೆಬ್ಬೆರಳು ಕೊಟ್ಟ ಮೇಲೆ ಕೈಗೆ ಕೊಡಿ, ಒಬ್ಬರು ಬಾರದಿದ್ದರೂ ಕೊಡಬೇಡಿ. ಬೆಲೆ 50 ಲಕ್ಷ ದಾಟಿರುವುದರಿಂದ ಪ್ರತಿಯೊಬ್ಬರ ಮೊತ್ತದಿಂದ ಶೇ 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದು, ಅವರವರ ಪ್ಯಾನ್‌ಗೆ ಬೇರೆ ಬೇರೆಯಾಗಿ, ಹಿಡಿದ ತಿಂಗಳು ಮುಗಿದ 30 ದಿನದೊಳಗೆ ಕಟ್ಟಬೇಕು. ಒಬ್ಬೊಬ್ಬರ ಪಾಲು 50 ಲಕ್ಷಕ್ಕಿಂತ ಕಡಿಮೆ ಎಂಬ ವಿನಾಯಿತಿ 2024ರ ಅಕ್ಟೋಬರ್‌ನಿಂದ ನಡೆಯುವುದಿಲ್ಲ, ಒಟ್ಟು ಬೆಲೆಯನ್ನೇ ನೋಡುತ್ತಾರೆ. ಮುಂಗಡಕ್ಕೂ ಇದೇ ನಿಯಮ. ಪ್ಯಾನ್ ನಿಷ್ಕ್ರಿಯವಾಗಿದ್ದರೆ ದರ ಶೇ 20ಕ್ಕೆ ಏರುತ್ತದೆ. ಪ್ಯಾನ್ ಇಲ್ಲದ ಹುಡುಗನಿಗೂ ಅಷ್ಟೇ, ಅವನ ಪ್ಯಾನ್ ಈಗಲೇ ಮಾಡಿಸಲು ಹೇಳಿ.

ಹಿಂದಿನ ದಿನ ಟೇಪ್ ಹಿಡಿದು ನಿವೇಶನ ಅಳೆಯಿರಿ. 30×40 ಎಂದು ಪತ್ರದಲ್ಲಿದ್ದು ನೆಲದಲ್ಲಿ ಇಪ್ಪತ್ತೆಂಟೂವರೆ ಅಡಿ ಇರುವುದು ಹಳೆಯ ಬಡಾವಣೆಗಳಲ್ಲಿ ಹೊಸದೇನಲ್ಲ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಕ್ಕೆ ಈಗ ಏನಿದೆ ಎಂಬುದನ್ನು ಹಳೆಯ ಪತ್ರದ ಚೆಕ್ಕುಬಂದಿಯ ಜೊತೆ ಹೋಲಿಸಿ, ಎರಡೂ ಸಂಖ್ಯೆಗಳು, ಹಳೆಯದು ಮತ್ತು ಹೊಸದು, ಷೆಡ್ಯೂಲಿನಲ್ಲಿ ಬರುವಂತೆ ನೋಡಿಕೊಳ್ಳಿ.

ನೋಂದಣಿಯಾದ ಮೇಲೆ ಖಾತೆ ವರ್ಗಾವಣೆ, ಬೆಸ್ಕಾಂ ಮತ್ತು ನೀರಿನ ಸಂಪರ್ಕದ ಹೆಸರು ಬದಲಾವಣೆ ಇವು ಕಚೇರಿ ಕೆಲಸಗಳು, ಸಮಯ ಹಿಡಿದರೂ ಆಗುತ್ತವೆ. ಅದಕ್ಕೂ ಮೊದಲು, ವಾರ ಹತ್ತು ದಿನ ಬಿಟ್ಟು ನಿಮ್ಮದೇ ಮನೆಯ ಇಸಿ ಒಮ್ಮೆ ತೆಗೆಸಿ. ನಿಮ್ಮ ಕ್ರಯಪತ್ರ ಸರಿಯಾದ ಸಂಖ್ಯೆ, ಅಳತೆ, ಹೆಸರಿನೊಂದಿಗೆ ಬಂದಿದೆಯೇ ನೋಡಿ. ಪತ್ರದಲ್ಲೇ ತಪ್ಪು ಉಳಿದಿದ್ದರೆ ತಿದ್ದುಪಡಿ ಪತ್ರಕ್ಕೆ ಆರೂ ಜನ ಮತ್ತೆ ಬಂದು ಸಹಿ ಹಾಕಬೇಕು, ಪುಣೆಯವರೂ ಸೇರಿ. ಆದ್ದರಿಂದ ಕರಡನ್ನು ಪತ್ರಬರಹಗಾರರ ಮೇಲೆ ಬಿಡದೆ, ಏರಿಸುವ ಮೊದಲು ನಿಮ್ಮ ವಕೀಲರೂ ನೀವೂ ಕೂತು 1989ರ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿ.